ಅಟ್ಟದ ಮೇಲೆ ಮನುಷ್ಯರು ಇರಬಾರದೇ?

ಕಲಘಟಗಿ ತಾಲೂಕಿನ ದುಮ್ಮವಾಡದಂಥ ಊರಿನಲ್ಲಿ ಹಿರಿಯ ಮಗನ ಮದುವೆ ಗೊತ್ತಾಯಿತೆಂದರೆ, ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಮನೆಗೆ ಬರುವವನು ಗೌಂಡಿ. ಚಹಾದ ಕಪ್ಪು ಕೈಯಲ್ಲಿ ಹಿಡಿದು ಪಡಸಾಲೆಯ ನಡುವೆ ನಿಲ್ಲುತ್ತಾನೆ, ಕತ್ತೆತ್ತಿ ಒಮ್ಮೆ ಮೇಲೆ ನೋಡುತ್ತಾನೆ. ತೊಲೆ, ಜಂತಿ, ಅದರ ಮೇಲೆ ಹಲಗೆಯ ಅಟ್ಟ, ಅಟ್ಟದ ಮೇಲೆ ಮಂಗಳೂರು ಹೆಂಚು. ನೋಟ ಕೆಳಗಿಳಿಯುವ ಮೊದಲೇ ತೀರ್ಪು ಬಂದಿರುತ್ತದೆ: ‘ಇದನ್ನೆಲ್ಲಾ ತಗಸ್ರೀ ಯಜಮಾನ್ರ. ನಾಕು ಪಿಲ್ಲರ್ ಎಬ್ಬಿಸಿ ಸ್ಲ್ಯಾಬ್ ಹಾಕಸ್ರಿ. ಮ್ಯಾಲೊಂದು ರೂಮ್ ಆಕ್ಕೈತಿ.’ ಮನೆಯೊಳಗಿಂದ ಯಾರಾದರೂ, ಬಹುತೇಕ ಓದಿ ಬಂದ ಮಗಳು, ‘ಆ ಅಟ್ಟಾನ ಒಂದ್ ರೂಮ್ ಮಾಡಿದ್ರ ಆಗೂದಿಲ್ಲೇನು?’ ಎಂದು ಕೇಳಿದರೆ ಗೌಂಡಿ ಬಾಯಿ ತೆರೆಯಬೇಕಾಗಿಲ್ಲ. ಅಜ್ಜಿಯೇ ಹೇಳಿಬಿಡುತ್ತಾಳೆ: ‘ಅಟ್ಟದ ಮ್ಯಾಲೆ ಇಲಿ ಇರ್ತಾವ. ಮನಷ್ಯಾರು ಇರ್ತಾರೇನವಾ?’

ಇರುತ್ತಾರೆ. ಇದ್ದಾರೆ. ಅಜ್ಜಿಯ ಊರಿನಿಂದ ಬಹಳ ದೂರ ಹೋಗಬೇಕಾಗಿಯೂ ಇಲ್ಲ.

ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಇದೆ. 1933ರಲ್ಲಿ ಜಡಭರತ ಎಂದೇ ಹೆಸರಾದ ಜಿ.ಬಿ. ಜೋಶಿಯವರು ಕಟ್ಟಿದ ಪ್ರಕಾಶನ ಸಂಸ್ಥೆ ಅದು. ಆ ಕಚೇರಿಗೆ ಊರು ಕೊಟ್ಟ ಹೆಸರು ‘ಅಟ್ಟ’. ಸಾಹಿತಿಗಳು ‘ಗ್ರಂಥಮಾಲೆಗೆ ಹೋಗಿ ಬರ್ತೀನಿ’ ಎನ್ನುತ್ತಿರಲಿಲ್ಲ, ‘ಅಟ್ಟಕ್ಕ ಹೋಗ್ತೀನಿ’ ಎನ್ನುತ್ತಿದ್ದರು. ಬೇಂದ್ರೆ ಆ ಮೆಟ್ಟಿಲು ಹತ್ತಿದರು, ಕೀರ್ತಿನಾಥ ಕುರ್ತಕೋಟಿ ಅಲ್ಲಿ ಕೂತು ಹಸ್ತಪ್ರತಿ ಓದಿದರು, ಗಿರೀಶ ಕಾರ್ನಾಡರು ಅಲ್ಲಿಯ ಮಾತಿನಲ್ಲಿ ಬೆಳೆದರು. 1961ರಲ್ಲಿ ‘ಯಯಾತಿ’, 1964ರಲ್ಲಿ ‘ತುಘಲಕ್’, 1969ರಲ್ಲಿ ಎ.ಕೆ. ರಾಮಾನುಜನ್ನರ ‘ಹೊಕ್ಕುಳಲ್ಲಿ ಹೂವಿಲ್ಲ’ ಹೊರಬಂದದ್ದು ಆ ಗ್ರಂಥಮಾಲೆಯಿಂದ. ಆಧುನಿಕ ಕನ್ನಡ ಸಾಹಿತ್ಯದ ಅರ್ಧ ಜಗಳ ನಡೆದದ್ದು ಅಟ್ಟದ ಮೇಲೆ ಎಂದರೆ ಧಾರವಾಡದವರು ಅದನ್ನು ಹೊಗಳಿಕೆ ಎಂದುಕೊಳ್ಳುವುದಿಲ್ಲ, ಲೆಕ್ಕ ಎಂದುಕೊಳ್ಳುತ್ತಾರೆ. ಅದೇ ಜಿಲ್ಲೆಯ ಹಳ್ಳಿಯಲ್ಲಿ ಅಟ್ಟ ಎಂದರೆ ಮುರಿದ ಕುರ್ಚಿ, ಹರಿದ ಕೌದಿ, ಯಾರೂ ಓದದ ಹಳೇ ಜಾತಕ.

ಈ ತಾತ್ಸಾರಕ್ಕೆ ಒಂದು ಹಳೆಯ ಕಾರಣವಿತ್ತು, ಅದನ್ನು ಒಪ್ಪಬೇಕು. ಒಲೆಯ ಹೊಗೆಗೆ ಹೋಗಲು ಬೇರೆ ದಾರಿ ಇರಲಿಲ್ಲ. ಅಡುಗೆಮನೆಯಿಂದ ಏರಿ, ಅಟ್ಟದ ಸಂದಿಯಲ್ಲಿ ಸುಳಿದು, ಹೆಂಚಿನ ಸೆರೆಗಳಿಂದ ನಿಧಾನ ಹೊರಗೆ ಹೋಗುತ್ತಿತ್ತು. ಜಂತಿಗೆಲ್ಲ ಕರಿ ಕಟ್ಟುತ್ತಿತ್ತು. ಹಾಗೆಂದು ಹಿರಿಯರು ಅದನ್ನು ಬೈಯಲಿಲ್ಲ. ಹೊಗೆ ತಿಂದ ಕಟ್ಟಿಗೆಗೆ ಹುಳು ಹತ್ತುವುದು ಕಡಿಮೆ, ಹೊಗೆ ಆಡುವ ಅಟ್ಟದಲ್ಲಿ ಬೀಜದ ಜೋಳದ ತೆನೆ ಕೆಡುವುದೂ ಕಡಿಮೆ. ಅಂದಿನ ಅಟ್ಟ ಮನುಷ್ಯರಿಗೆ ಆಗುತ್ತಿರಲಿಲ್ಲ, ಏಕೆಂದರೆ ಅದು ಚಿಮಣಿಯ ಕೆಲಸ ಮಾಡುತ್ತಿತ್ತು. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಗ್ಯಾಸ್ ಸಿಲಿಂಡರು ಹಳ್ಳಿಯ ಅಡುಗೆಮನೆಗೂ ಬಂತು. ಹಿತ್ತಲಲ್ಲಿ ನೀರು ಕಾಯಿಸುವ ಒಲೆ ಉಳಿದಿರಬಹುದು, ಆದರೆ ಮನೆಯೊಳಗಿನ ಹೊಗೆ ಹೋಯಿತು. ಕಾರಣ ಹೋದರೂ ತಾತ್ಸಾರ ಹೋಗಲಿಲ್ಲ. ಹೊಗೆ ಹೋದದ್ದರಿಂದ ಆದ ಇನ್ನೊಂದು ಬದಲಾವಣೆಯನ್ನು ಮಾತ್ರ ಯಾರೂ ಗಮನಿಸಲಿಲ್ಲ: ತಲೆತಲಾಂತರದಿಂದ ಹುಳು ಕಾಣದ ಜಂತಿಗೆ ಈಗ ಒರಲೆ, ಕೊರೆಹುಳು ಹತ್ತತೊಡಗಿವೆ. ಅಟ್ಟವನ್ನು ಯಾರೂ ಹತ್ತಿ ನೋಡದ ಮನೆಯಲ್ಲಿ ಅದು ಗೊತ್ತಾಗುವುದು ಹಲಗೆ ಕುಸಿದ ದಿನ.

ಈಗ ಗೌಂಡಿಯ ವಾದಕ್ಕೆ ಬರೋಣ. ಅವನ ಮೊದಲ ಮಾತು ಭಾರದ್ದು. ‘ಅಟ್ಟ ಜನರ ಭಾರ ತಡಿಯೂದಿಲ್ರೀ.’ ಕೇಳಲು ಇದು ಬುದ್ಧಿವಂತಿಕೆಯ ಮಾತಿನ ಹಾಗೆಯೇ ಇದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಮನೆಯ ಕೋಣೆಯೊಂದರ ನೆಲ ಒಂದು ಚದರ ಮೀಟರಿಗೆ ಸುಮಾರು 200 ಕಿಲೊ ತಡೆಯಬೇಕೆಂದು ಭಾರತೀಯ ಮಾನಕ ಸಂಸ್ಥೆಯ ನಿಯಮ ಹೇಳುತ್ತದೆ. ಮಂಚ, ಕಪಾಟು, ನೆಂಟರು, ಮಕ್ಕಳ ಕುಣಿತ ಎಲ್ಲ ಅದರಲ್ಲೇ ಬಂತು. ಕಲಘಟಗಿ ಸೀಮೆ ಭತ್ತದ ಸೀಮೆ. ಅಟ್ಟದ ಮೇಲೆ ಭತ್ತದ ಚೀಲಗಳನ್ನು ಮೂರು ಅಡಿ ಎತ್ತರಕ್ಕೆ ಒಟ್ಟಿದರೆ ಅದೇ ಒಂದು ಚದರ ಮೀಟರಿನ ಮೇಲೆ 500 ಕಿಲೊ ಕೂತಿರುತ್ತದೆ. ಅಜ್ಜನ ಕಾಲದಲ್ಲಿ ಸುಗ್ಗಿಯಿಂದ ಸುಗ್ಗಿಗೆ ಆ ಭಾರ ಹೊತ್ತ ತೊಲೆಗೆ ಮೊಮ್ಮಗನ ಮಂಚ ಭಾರವೇ? ಒರಲೆ ತಿಂದ ಜಂತಿಯನ್ನು ಬದಲಿಸಬೇಕು, ತೊಲೆ ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ನೀರು ಇಳಿದು ಕೊಳೆತಿದೆಯೋ ಎಂದು ಚುಚ್ಚಿ ನೋಡಬೇಕು, ಓಡಾಡುವಾಗ ಹಲಗೆ ತೂಗಿದರೆ ನಡುವೆ ಇನ್ನೊಂದು ಜಂತಿ ಕೊಡಬೇಕು. ಇವೆಲ್ಲ ಬಡಿಗೇರನ ಕೆಲಸ. ಇದಕ್ಕೆಲ್ಲ ಜೆಸಿಬಿ ಬೇಕಿಲ್ಲ.

ಇದೇ ಭಾರದ ಮಾತನ್ನು ತಿರುಗಿಸಿ ಗೌಂಡಿಗೇ ಕೇಳಬೇಕು. ರೀಪು ಸಮೇತ ಮಂಗಳೂರು ಹೆಂಚಿನ ಹೊದಿಕೆ ಒಂದು ಚದರ ಮೀಟರಿಗೆ ಸುಮಾರು 65 ಕಿಲೊ ತೂಗುತ್ತದೆ. ನಾಲ್ಕು ಅಂಗುಲದ ಆರ್‌ಸಿಸಿ ಸ್ಲ್ಯಾಬು 250 ಕಿಲೊ. ಅದರ ಮೇಲಿನ ಗಿಲಾವು, ನೀರಿನ ಟಾಕಿ ಲೆಕ್ಕಕ್ಕೆ ಸೇರಿಲ್ಲ. ಪಿಲ್ಲರ್ ಖರ್ಚು ಉಳಿಸಲು ಹಳೆಯ ಮಣ್ಣಿನ ಗೋಡೆಯ ಮೇಲೆಯೇ ಸ್ಲ್ಯಾಬ್ ಇಳಿಸಿದ ಮನೆಗಳಿಗೆ ಕೊರತೆಯಿಲ್ಲ. ನಾಲ್ಕು ಪಟ್ಟು ಭಾರ ಹೊತ್ತ ಆ ಗೋಡೆ ಏನು ಹೇಳುತ್ತಿದೆ ಎಂಬುದು ಮೂರನೆಯ ಮಳೆಗಾಲಕ್ಕೆ ಬಿರುಕಿನಲ್ಲಿ ಕಾಣುತ್ತದೆ.

‘ಹೆಂಚು ಹಳೇ ಕಾಲದ್ದು’ ಎಂಬುದು ಎರಡನೆಯ ವಾದ. ಇದು ವಾದವೂ ಅಲ್ಲ, ನಾಚಿಕೆ. ಮದುವೆಗೆ ಹೆಣ್ಣು ನೋಡಲು ಬಂದವರು ಮನೆಯ ಮೇಲೆ ನೋಡುತ್ತಾರೆ, ಸ್ಲ್ಯಾಬ್ ಕಂಡರೆ ಮಾತು ಮುಂದುವರಿಯುತ್ತದೆ, ಹೆಂಚು ಕಂಡರೆ ಹೊಲದ ಎಕರೆ ಕೇಳುತ್ತಾರೆ ಎಂಬ ಅಂಜಿಕೆ. ಇತಿಹಾಸ ಬೇರೆ ಹೇಳುತ್ತದೆ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹೆಂಚನ್ನು ಫ್ರಾನ್ಸಿನ ಅಲ್ಸಾಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿ ಪೇಟೆಂಟ್ ಮಾಡಿಕೊಂಡರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಪೈಕಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಅಂದರೆ ಇದು ಯಂತ್ರದಲ್ಲಿ ಒತ್ತಿ ಭಟ್ಟಿಯಲ್ಲಿ ಸುಟ್ಟ, ಅಳತೆ ತಪ್ಪದ, ಅಪ್ಪಟ ಕೈಗಾರಿಕೆಯ ಸರಕು. ಸಿಮೆಂಟಿಗೆ ಪೇಟೆಂಟ್ ಸಿಕ್ಕದ್ದು ಇಂಗ್ಲೆಂಡಿನಲ್ಲಿ 1824ರಲ್ಲಿ. ಇವೆರಡರಲ್ಲಿ ಹಳೆಯ ಕಾಲದ್ದು ಯಾವುದು? ಸರಕಾರವೂ ಎಲ್ಲ ಹೆಂಚುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 2011ರ ಜನಗಣತಿ ಕೈಹೆಂಚನ್ನೂ ಯಂತ್ರದ ಹೆಂಚನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಎಣಿಸಿತು. ಗೌಂಡಿಗೆ ಆ ಭೇದವಿಲ್ಲ.

ಮೂರನೆಯದು ಗಟ್ಟಿ ವಾದ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ: ‘2019ರ ಮಳಿ ನೆನಪೈತೇನು?’ ಯಾರಿಗೆ ನೆನಪಿಲ್ಲ? ಆ ಆಗಸ್ಟಿನಲ್ಲಿ ನವಲಗುಂದದ ಕಡೆ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿದವು. ಜಿಲ್ಲೆಯ ಎಲ್ಲ ತಾಲೂಕುಗಳಲ್ಲೂ ಮಣ್ಣಿನ ಮನೆಗಳು ನೆನೆದು ಕೂತವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಆ ಹಣದಲ್ಲಿ ಎದ್ದ ಮನೆಗಳಿಗೆ ಅಟ್ಟವಿಲ್ಲ, ಅದರಲ್ಲಿ ಆಶ್ಚರ್ಯವೂ ಇಲ್ಲ. ಆದರೆ ಆ ಮಳೆಯಲ್ಲಿ ಬಿದ್ದದ್ದು ಏನು ಎಂಬುದನ್ನು ಬಿಡಿಸಿ ನೋಡಬೇಕು. ಬುಡದಲ್ಲಿ ನೀರು ನಿಂತು ಮಣ್ಣಿನ ಗೋಡೆ ಕರಗಿತು, ಗೋಡೆ ಕೂತಾಗ ಅದರ ಮೇಲಿದ್ದದ್ದೂ ಕೂತಿತು. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಮನೆಯ ಮೇಲೆ ಹೆಂಚೂ ಇರುವುದಿಲ್ಲ, ಮೇಲ್ಮುದ್ದಿ ಇರುತ್ತದೆ. ಜಂತಿಯ ಮೇಲೆ ಅಡಿಗಟ್ಟಲೆ ಮಣ್ಣು ಹೊದಿಸಿದ ಸಮತಟ್ಟಾದ ಆ ಮಾಳಿಗೆ ಕಡಿಮೆ ಮಳೆಗೆಂದೇ ಹುಟ್ಟಿದ್ದು. ನೆನೆದಾಗ ಅದರ ತೂಕವೇ ಅದಕ್ಕೆ ಶತ್ರು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿ ಕಡೆ ಇಳಿಜಾರು ಹೆಂಚು ಬಂದದ್ದೇ ಈ ಕಾರಣಕ್ಕೆ. ನವಲಗುಂದದ ಮೇಲ್ಮುದ್ದಿಯ ತಪ್ಪನ್ನು ದುಮ್ಮವಾಡದ ಹೆಂಚಿನ ಅಟ್ಟದ ತಲೆಗೆ ಕಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಇಲ್ಲಿ ಬೇಕಾದದ್ದು ಕಲ್ಲಿನ ಬುನಾದಿಯನ್ನು ನೆಲದಿಂದ ಎರಡು ಅಡಿ ಎತ್ತುವುದು, ಸೂರನ್ನು ಗೋಡೆಯಿಂದ ಸಾಕಷ್ಟು ಹೊರಚಾಚುವುದು, ಸೂರಿನ ನೀರು ಬುಡಕ್ಕೆ ಬೀಳದಂತೆ ಗಟಾರು ತೆಗೆಯುವುದು. ಗೋಡೆ ಉಬ್ಬಿದ್ದರೆ, ತೇವ ಆರದಿದ್ದರೆ, ಆ ಮನೆಯ ಅಟ್ಟದ ಮೇಲೆ ಯಾರೂ ಮಲಗಬಾರದು. ಕೆಳಗೂ ಮಲಗಬಾರದು.

ಕಾಂಕ್ರೀಟು ಎಂಬ ಹೆಸರೇ ಭದ್ರತೆಯಲ್ಲ ಎಂಬುದಕ್ಕೂ ಅದೇ ವರ್ಷದ ಧಾರವಾಡವೇ ಸಾಕ್ಷಿ. 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಹಗಲಲ್ಲೇ ಕುಸಿದು 19 ಜನ ಸತ್ತರು. ಆ ದುರಂತದ ಮರುದಿನ ‘ಇನ್ನು ಕಾಂಕ್ರೀಟೇ ಬೇಡ’ ಎಂದು ಯಾರೂ ಹೇಳಲಿಲ್ಲ. ಕಟ್ಟಿದ್ದು ಹೇಗೆ ಎಂದು ಕೇಳಿದರು. ಕೇಳಬೇಕಾದದ್ದೂ ಅದನ್ನೇ. ಮಣ್ಣು, ಕಟ್ಟಿಗೆ, ಹೆಂಚಿನ ವಿಷಯಕ್ಕೆ ಬಂದಾಗ ಮಾತ್ರ ‘ಹೇಗೆ’ ಎಂಬ ಪ್ರಶ್ನೆ ಮಾಯವಾಗುತ್ತದೆ.

ಇನ್ನು ಬಿಸಿಲು. ‘ಏಪ್ರಿಲ್‌ನಾಗ ಅಟ್ಟ ಹತ್ತಿ ನೋಡ್ರಿ, ಭಟ್ಟಿ ಆಗಿರ್ತೈತಿ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮಧ್ಯಾಹ್ನ ಬರೀ ಹೆಂಚಿನ ಕೆಳಗೆ ಕೂತವನ ನೆತ್ತಿ ಕಾಯುತ್ತದೆ. ಚಾವಣಿಯ ನೇರ ಕೆಳಗಿನ ಕೋಣೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಪಾಠವಿದೆ. 2003ರ ಆಗಸ್ಟಿನ ಬಿಸಿಗಾಳಿಗೆ ಆ ದೇಶದಲ್ಲಿ ಸುಮಾರು 15,000 ಜನ ಸತ್ತರು. ಸೂರಿನಡಿಯ ಕೋಣೆಯಲ್ಲಿ ಮಲಗುತ್ತಿದ್ದ ಮುದುಕರಿಗೆ ಅಪಾಯ ಹೆಚ್ಚಿತ್ತೆಂದು ಆಮೇಲಿನ ಅಧ್ಯಯನ ತೋರಿಸಿತು. ಪ್ಯಾರಿಸ್ಸಿನ ಅಟ್ಟದ ಕವಿಗಳ ಬಗ್ಗೆ ರಮ್ಯವಾಗಿ ಬರೆಯುವವರು ಈ ಸಾಲನ್ನೂ ಬರೆಯಬೇಕು.

ಆದರೆ ಸ್ಲ್ಯಾಬಿನ ಕೋಣೆ ತಂಪೆಂದು ಯಾರು ಹೇಳಿದರು? ಕಾಂಕ್ರೀಟು ದಿನವಿಡೀ ಬಿಸಿಲು ಕುಡಿಯುತ್ತದೆ, ರಾತ್ರಿ ಮಲಗುವ ಹೊತ್ತಿಗೆ ಅದನ್ನು ಕೆಳಗೆ ಕಾರುತ್ತದೆ. ಸ್ಲ್ಯಾಬ್ ಮನೆಯ ಜನ ಬೇಸಿಗೆಯಲ್ಲಿ ಹಾಸಿಗೆ ಸುತ್ತಿಕೊಂಡು ಮಾಳಿಗೆಗೆ ಹೋಗಿ ಮಲಗುವುದು ಚುಕ್ಕಿ ಎಣಿಸುವ ಆಸೆಗಲ್ಲ. ತೆಳ್ಳಗಿನ ಹೆಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹೊತ್ತು ಮುಳುಗಿ ಪಡುವಣ ಗಾಳಿ ಬೀಸಿತೆಂದರೆ ಹೆಂಚು ತಣ್ಣಗಾಗುತ್ತದೆ. ಉಳಿದದ್ದು ಹಗಲಿನ ಕಾವನ್ನು ಒಳಗೆ ಬಿಡದ ಕೆಲಸ, ಅದು ಕಷ್ಟದ ವಿದ್ಯೆಯೇನಲ್ಲ. ಹೆಂಚಿನ ಕೆಳಗೆ ಮೂರು ನಾಲ್ಕು ಅಂಗುಲ ಬಿಟ್ಟು ಎರಡನೆಯ ಹೊದಿಕೆ ಕೊಡಬೇಕು. ಬಿದಿರಿನ ತಟ್ಟಿಯಾದರೂ ಆದೀತು, ಹಲಗೆಯಾದರೂ ಆದೀತು, ಹಳೆಯ ಬಂಗಲೆಗಳಲ್ಲಿ ಇರುವಂಥ ಚಪ್ಪಟೆ ಸೀಲಿಂಗ್ ಹೆಂಚಾದರೂ ಆದೀತು. ನಡುವಿನ ಆ ಸಂದಿಯೇ ಮುಖ್ಯ. ಸೂರಿನ ಹತ್ತಿರ ಗಾಳಿ ಒಳಬರಲು ಜಾಳಿಗೆ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಕಂಡಿ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಅದಕ್ಕೆ ಕರೆಂಟು ಬೇಡ. ಎರಡೂ ಕಡೆಯ ತ್ರಿಕೋನದ ಗೋಡೆಗಳಲ್ಲಿ ಎದುರುಬದುರು ಕಿಟಕಿ. ಬೆಳಕಿಗೆ ನಾಲ್ಕು ಗಾಜಿನ ಹೆಂಚು ಸಾಕು, ಅವನ್ನೂ ಬಡಗಣ ಇಳಿಜಾರಿಗೆ ಹಾಕಬೇಕು, ಪಡುವಣಕ್ಕೆ ಹಾಕಿದರೆ ಸಂಜೆಯ ಬಿಸಿಲು ನೇರ ಹಾಸಿಗೆಯ ಮೇಲೆ.

ಇಲ್ಲಿ ಎರಡನೆಯ ಗುಂಪಿನವರಿಗೂ ಒಂದು ಮಾತು ಹೇಳಬೇಕು. ಇವರು ಅಟ್ಟದ ವಿರೋಧಿಗಳಲ್ಲ, ಅಭಿಮಾನಿಗಳು. ಮೊಬೈಲಿನಲ್ಲಿ ವಿದೇಶದ ಅಟ್ಟದ ಕೋಣೆಗಳ ಫೋಟೊ ನೋಡಿರುತ್ತಾರೆ, ಬಿಳಿ ಗೋಡೆ, ಇಳಿಜಾರಿನ ಕೆಳಗೆ ಹಾಸಿಗೆ. ಹುಬ್ಬಳ್ಳಿಯಿಂದ ಪಿಒಪಿ ಮಾಡುವವನನ್ನು ಕರೆಸಿ ಹೆಂಚಿಗೆ ಅಂಟಿದಂತೆ ಸೀಲಿಂಗ್ ಬಡಿಸುತ್ತಾರೆ, ಕಿಟಕಿ ಮುಚ್ಚಿ ಎಸಿ ಕೂಡಿಸುತ್ತಾರೆ. ಇಂಗ್ಲೆಂಡಿನವರು ಅಟ್ಟವನ್ನು ಬಿಗಿಯಾಗಿ ಮುಚ್ಚುವುದು ಚಳಿಯನ್ನು ಹೊರಗಿಡಲು. ಕಲಘಟಗಿಯ ಮಳೆಗಾಲದಲ್ಲಿ ಹಾಗೆ ಮುಚ್ಚಿದರೆ ಒಡೆದ ಒಂದು ಹೆಂಚಿನ ನೀರು ಪಿಒಪಿ ಮೇಲೆ ಕೂತು, ಶ್ರಾವಣದ ಹೊತ್ತಿಗೆ ಬೂಸಲಿನ ನಕಾಶೆ ಬಿಡಿಸಿರುತ್ತದೆ. ಇನ್ನೂ ಕೆಲವರು ಹೆಂಚನ್ನೇ ಕಿತ್ತು ಪತ್ರಾಸು ಹಾಕುತ್ತಾರೆ. ಬೇಸಿಗೆಯಲ್ಲಿ ಕಾದ ಹಂಚು, ಮಳೆಗಾಲದಲ್ಲಿ ತಮಟೆ. ಸಿಮೆಂಟ್ ಶೀಟೆಂದು ಮಾರುವ ಅಸ್ಬೆಸ್ಟಾಸ್ ತಗಡಿನ ಕಥೆ ಇನ್ನೂ ಕೆಟ್ಟದ್ದು, ಅಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುವಂಥವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಪತ್ರಾಸಿಗೆ ಹೋದವರನ್ನು ಕೇಳಿದರೆ ಒಂದೇ ಹೆಸರು ಹೇಳುತ್ತಾರೆ: ಮಂಗ್ಯಾ. ಇದಕ್ಕೆ ಖಂಡನೆ ಬರೆಯುವುದು ಕಷ್ಟ. ಕಾಡಂಚಿನ ಊರುಗಳಲ್ಲಿ ಮಂಗಗಳ ಹಿಂಡು ಸೂರಿನಿಂದ ಸೂರಿಗೆ ಹಾರಿದರೆ ಹತ್ತು ಹೆಂಚು ಹೋಯಿತು. ಹೆಂಚಿನ ಕೆಳಗೆ ಎರಡನೆಯ ಹೊದಿಕೆ ಇದ್ದರೆ, ಅದರ ಮೇಲೊಂದು ನೀರು ತಡೆಯುವ ಹಾಳೆ ಇದ್ದರೆ, ಒಡೆದ ಹೆಂಚಿನ ನೀರು ಹಾಸಿಗೆಗೆ ಬರದೆ ಸೂರಿಗೆ ಜಾರುತ್ತದೆ. ಅಷ್ಟು ಮಾಡಬಹುದು. ಮಂಗಗಳಿಗೆ ಏನು ಮಾಡಬೇಕೆಂದು ಇನ್ನೂ ಯಾರಿಗೂ ಹೊಳೆದಿಲ್ಲ.

ಎತ್ತರದ ತಕರಾರು ಉಳಿಯಿತು, ಅದೇ ಎಲ್ಲಕ್ಕಿಂತ ನಿಜವಾದ ತಕರಾರು. ರಾಷ್ಟ್ರೀಯ ಕಟ್ಟಡ ಸಂಹಿತೆ ಅಟ್ಟವನ್ನು ಸಾಮಾನು ಇಡುವ ಜಾಗವೆಂದೇ ಎಣಿಸಿ ಅದಕ್ಕೆ 1.5 ಮೀಟರಿನ ಮಿತಿ ಹಾಕಿದೆ. ವಾಸದ ಕೋಣೆಗೆ ಅದು ಕೇಳುವುದು 2.75 ಮೀಟರು, ಒಂಬತ್ತು ಅಡಿ. ಇಳಿಜಾರು ಚಾವಣಿಯಾದರೆ ಸರಾಸರಿ ಎತ್ತರ ಅಷ್ಟಿರಬೇಕು. ಎಲ್ಲ ಅಟ್ಟಗಳೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆದರೆ ಪಾಸಾಗುವುದು ಯಾವುದು ಎಂದು ಟೇಪು ಹಿಡಿದರೆ ಗೊತ್ತಾಗುತ್ತದೆ. 24 ಅಡಿ ಅಗಲದ ಮನೆ, 30 ಡಿಗ್ರಿ ಇಳಿಜಾರು, ಅಟ್ಟದ ಹಲಗೆಯಿಂದ ನಾಲ್ಕು ಅಡಿ ಮೇಲೆದ್ದ ಗೋಡೆ ಎಂದುಕೊಳ್ಳಿ. ನೆತ್ತಿಯ ಕೆಳಗೆ ಸುಮಾರು 11 ಅಡಿ ಸಿಗುತ್ತದೆ. ಎರಡೂ ಮಗ್ಗುಲಲ್ಲಿ ಆರಾರು ಅಡಿ ಬಿಟ್ಟು ನಡುವಿನ 12 ಅಡಿ ಅಗಲದ ಪಟ್ಟಿಯನ್ನು ಕೋಣೆಯೆಂದು ಹಿಡಿದರೆ ಅದರ ಸರಾಸರಿ ಎತ್ತರ ಒಂಬತ್ತು ಅಡಿ ದಾಟುತ್ತದೆ. 12 ಅಡಿ ಅಗಲ, ಮನೆಯ ಉದ್ದದಷ್ಟು ಉದ್ದ. ಸ್ಲ್ಯಾಬಿನ ಮೇಲೆ ಸಾಲ ಮಾಡಿ ಕಟ್ಟುವ ಕೋಣೆ ಬಹಳ ಸಲ 10 ಅಡಿಗೆ 10 ಅಡಿ.

ಗೋಡೆ ಒಂದೇ ಅಡಿ ಎದ್ದಿದ್ದರೆ? ಆಗಲೂ ಕೆಡವಬೇಕಾಗಿಲ್ಲ. ಹೆಂಚು ಹಗುರ, ಕಳಚಿ ಮತ್ತೆ ಹೊದಿಸುವಂಥದ್ದು. ಗೋಡೆ ಗಟ್ಟಿಯಿದ್ದರೆ ಬೇಸಿಗೆಯಲ್ಲಿ ಹೆಂಚು ಇಳಿಸಿ, ಮೂರು ಅಡಿ ಗೋಡೆ ಏರಿಸಿ, ಅದೇ ಕಟ್ಟಿಗೆ ಅದೇ ಹೆಂಚನ್ನು ಮತ್ತೆ ಕೂಡಿಸಬಹುದು. ಗೋಡೆ ಗಟ್ಟಿಯಿಲ್ಲದಿದ್ದರೆ ಆ ಅಟ್ಟ ಸಾಮಾನಿಗೇ ಇರಲಿ.

ನಿಚ್ಚಣಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಉಳಿಸಬಾರದು. ಅಟ್ಟಕ್ಕೆ ಹಾರದವನು ಬೆಟ್ಟಕ್ಕೆ ಹಾರಿಯಾನೇ ಎಂಬ ಗಾದೆ ಕಟ್ಟಿದವನು ಗರ್ಭಿಣಿಯಾಗಿರಲಿಲ್ಲ, ಕೈಯಲ್ಲಿ ಕೂಸು ಹಿಡಿದಿರಲಿಲ್ಲ. ಮೂರು ಅಡಿ ಅಗಲದ, ಹಿಡಿಕೆಯಿರುವ ಪಾವಟಿಗೆ ಬೇಕು, ಅದಕ್ಕೆ ಪಡಸಾಲೆಯಲ್ಲಿ ಜಾಗ ಬಿಡಬೇಕು. ಅಟ್ಟವನ್ನು ಕೋಣೆ ಮಾಡಿ ಕೈಸುಟ್ಟುಕೊಂಡವರ ಮನೆಗಳಲ್ಲಿ ಬಹುಮಟ್ಟಿಗೆ ಕೆಟ್ಟದ್ದು ಇಲ್ಲೇ: ಕೋಣೆಗೆ ಖರ್ಚು ಮಾಡಿ, ಹತ್ತುವುದಕ್ಕೆ ಕಬ್ಬಿಣದ ಏಣಿ ಇಟ್ಟರು, ಎರಡು ವರ್ಷಕ್ಕೆ ಕೋಣೆ ಮತ್ತೆ ಅಟ್ಟವಾಯಿತು.

ಕೆಡವಿದ ಮನೆಯ ಸಾಗವಾನಿ ತೊಲೆ, ಬೋದಿಗೆಯ ಕಂಬ ಎಲ್ಲಿಗೆ ಹೋಗುತ್ತವೆ ಎಂದು ವಿಚಾರಿಸಿದರೆ ಈ ವಿಷಯದ ಅತಿ ದೊಡ್ಡ ತಮಾಷೆ ಸಿಗುತ್ತದೆ. ಹಳೇ ಕಟ್ಟಿಗೆ ವ್ಯಾಪಾರಿ ಅದನ್ನು ಉರುವಲಿಗಿಂತ ಸ್ವಲ್ಪ ಹೆಚ್ಚಿನ ದರಕ್ಕೆ ಕೊಳ್ಳುತ್ತಾನೆ. ಅದು ಪಾಲಿಶ್ ಆಗಿ ರೆಸಾರ್ಟು, ಹೋಮ್‌ಸ್ಟೇಗಳನ್ನು ಸೇರುತ್ತದೆ. ದಾಂಡೇಲಿ ಕಡೆ ಕಾಡು ನೋಡಲು ಹೋದ ಹುಬ್ಬಳ್ಳಿಯ ಸಂಸಾರ ಇಳಿಜಾರು ಹೆಂಚಿನ ಕೆಳಗಿನ ಮರದ ಕೋಣೆಗೆ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು, ಮಳೆಯ ಸಪ್ಪಳ ಕೇಳುತ್ತ ಮಲಗಿ, ಊರಿಗೆ ಬಂದು ತಮ್ಮ ಹಳ್ಳಿಮನೆಯ ಅಟ್ಟ ಕೆಡವಲು ಗೌಂಡಿಗೆ ಮುಂಗಡ ಕೊಡುತ್ತದೆ.

ಅಜ್ಜಿಯ ಕೊನೆಯ ಪ್ರಶ್ನೆಯೊಂದಿದೆ, ಅದು ಇಲಿಗಿಂತ ಗಂಭೀರವಾದದ್ದು: ‘ಹಂಗಾರ ಅಟ್ಟದಾಗಿನ ಸಾಮಾನು ಎಲ್ಲಿ ಇಡೂದು?’ ಉತ್ತರ ಲೆಕ್ಕದಲ್ಲೇ ಇದೆ. ಎರಡೂ ಮಗ್ಗುಲಲ್ಲಿ ಬಿಟ್ಟ ಆರಾರು ಅಡಿ, ಸೂರು ಬಾಗಿದ ಕಡೆ, ನಿಂತು ಓಡಾಡಲಾಗದ ಜಾಗ. ಮೋಟು ಗೋಡೆಗೆ ಬಾಗಿಲು ಇಟ್ಟರೆ ತಾಮ್ರದ ಹಂಡೆ, ಬೀಜದ ಚೀಲ, ಕೂರಿಗೆಯ ತಾಳು, ನವಲಗುಂದದ ಜಮಖಾನೆ ಎಲ್ಲವೂ ಅಲ್ಲಿ ಹಿಡಿಯುತ್ತವೆ. ಹಿಡಿಯದಿರುವುದು ಒಂದೇ, ಹಳೇ ಸೀರೆಯಲ್ಲಿ ಸುತ್ತಿಟ್ಟ ಕಲಘಟಗಿಯ ಬಣ್ಣದ ತೊಟ್ಟಿಲು. ಸ್ಲ್ಯಾಬ್ ಮನೆಯಲ್ಲಿ ಅದನ್ನು ಕಟ್ಟಬೇಕೆಂದರೆ ಕಾಂಕ್ರೀಟ್ ಹಾಕುವ ದಿನವೇ ಕಬ್ಬಿಣದ ಕೊಂಡಿ ಇಡಿಸಬೇಕು. ಗೌಂಡಿ ಅದನ್ನು ಮರೆಯುತ್ತಾನೆ, ನಾಮಕರಣದ ಹಿಂದಿನ ದಿನ ಡ್ರಿಲ್ ಮಷೀನು ಹುಡುಕಿಕೊಂಡು ಯಾರೋ ಕಲಘಟಗಿಗೆ ಬೈಕು ಹತ್ತುತ್ತಾರೆ. ಅಟ್ಟದ ಕೋಣೆಯಲ್ಲಿ ತೊಲೆ ತಲೆಯ ಮೇಲೇ ಇರುತ್ತದೆ, ಹಗ್ಗ ಎಸೆದರೆ ಆಯಿತು.